ಎರಡು ಗಾಡಿಗೆ ಒಂದು ಗೇರ್‌ಬಾಕ್ಸು

ಹಗ್ಗ ಹರಿಯಬಹುದಿತ್ತು. ಹಗ್ಗ ಗಟ್ಟಿಯಾಗಿ ಉಳಿದು, ತುಕ್ಕು ತಿಂದ ಬಂಪರೇ ಕಿತ್ತುಕೊಂಡು ಟ್ರ್ಯಾಕ್ಟರಿನ ಹಿಂದೆ ಗಲಗಲ ಎನ್ನುತ್ತಾ ಹೊರಟುಹೋಗಿ, ನಾನು ಸ್ಟೇರಿಂಗ್ ಹಿಡಿದುಕೊಂಡು ನಡುರಸ್ತೆಯಲ್ಲಿ ಕುಳಿತೇ ಇರಬಹುದಿತ್ತು. ಬ್ರೇಕು ಹಿಡಿಯದೆ ಕಾರಿನ ಮೂತಿ ಟ್ರ್ಯಾಕ್ಟರಿನ ದೊಡ್ಡ ಗಾಲಿಯೊಳಗೆ ನುಗ್ಗಬಹುದಿತ್ತು. ಇಲ್ಲವೇ ಬ್ರೇಕು ಹಿಡಿದದ್ದು ಬಿಡದೆ, ಹಿಂದೆ ಬರುವ ಭತ್ತದ ಲಾರಿ ನಮ್ಮ ಡಿಕ್ಕಿಯನ್ನು ತನ್ನ ಬಂಪರಿಗೆ ಸೇರಿಸಿಕೊಳ್ಳಬಹುದಿತ್ತು. ಕಾಲಡಿಯ ತಗಡು ಕುಸಿದು, ಐವತ್ತರ ಅಂಚಿನಲ್ಲಿರುವ ನಾನು ಕಾರಿನಲ್ಲಿ ಕುಳಿತುಕೊಂಡೇ ರಸ್ತೆಯ ಮೇಲೆ ಓಡಬೇಕಾಗಬಹುದಿತ್ತು. ಸೀಟಿನ ತೆಂಗಿನ ನಾರಿನೊಳಗೆ ಹಾವು ಮನೆ ಮಾಡಿರಬಹುದಿತ್ತು. ಪೊಲೀಸರು ನಿಲ್ಲಿಸಿ ಗಾಡಿಯ ಇನ್ಶೂರೆನ್ಸ್ ತೋರಿಸು ಎನ್ನಬಹುದಿತ್ತು; ಅದು ಮುಗಿದು ಯಾವ ಕಾಲವಾಯಿತೋ ನನಗೇ ನೆನಪಿಲ್ಲ, ನಾನೋ ಹೊಟ್ಟೆಪಾಡಿಗೆ ಇನ್ಶೂರೆನ್ಸ್ ಮಾಡಿಸುವವನು. ಅಕ್ಕ ಜನ್ಮಪೂರ್ತಿ ನನ್ನ ಸಂಗಡ ಮಾತು ಬಿಡಬಹುದಿತ್ತು. ಹೆಂಡತಿ ಜನ್ಮಪೂರ್ತಿ ಮಾತು ಬಿಡದೇ ಇರಬಹುದಿತ್ತು.

ಇವುಗಳಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆ. ಅದು ಇಷ್ಟು ಯೋಚಿಸಿದ ನನ್ನ ತಲೆಗೂ ಹೊಳೆದಿರಲಿಲ್ಲ.

ಬಳ್ಳಾರಿಯಲ್ಲಿ ನನ್ನ ಕಸುಬು ಅದೇ. ಮನೆಗಳಿಗೆ ಹೋಗಿ, ಅವರು ಕೊಟ್ಟ ಚಹಾ ಕುಡಿದು, ಅವರ ಅಂಗಡಿಗೆ ಬೆಂಕಿ ಬಿದ್ದರೆ, ಅವರ ಗಾಡಿ ಗುದ್ದಿದರೆ, ಕೊನೆಗೆ ಅವರೇ ಇಲ್ಲವಾದರೆ ಏನು ಗತಿ ಎಂದು ನಯವಾಗಿ ವಿವರಿಸಿ ಬರುವುದು. ಉಳಿದ ಏಜೆಂಟರು ಗಿರಾಕಿಗಳನ್ನು ಹೆದರಿಸುತ್ತಾರೆ. ನಾನು ಹೇಳುತ್ತಾ ಹೇಳುತ್ತಾ ನಾನೇ ಹೆದರಿಬಿಡುತ್ತೇನೆ. ನನ್ನ ಮುಖ ನೋಡಿ ಅವರಿಗೆ ನಂಬಿಕೆ ಬರುತ್ತದೆ.

ಕಾರು ಅಪ್ಪನದು. ಅಪ್ಪ ಸಿರುಗುಪ್ಪದಲ್ಲಿ ಅಕ್ಕಿ ದಲಾಲಿ ಮಾಡುತ್ತಿದ್ದರು. ಯಾವುದೋ ಕಚೇರಿಯಿಂದ ಹರಾಜಿಗೆ ಬಂದ ಎರಡು ಬಿಳಿ ಅಂಬಾಸಿಡರ್ ಕಾರುಗಳನ್ನು, ಸಂತೆಯಲ್ಲಿ ಜೋಡಿ ಎತ್ತು ಹಿಡಿದ ಹಾಗೆ, ಒಟ್ಟಿಗೇ ಹಿಡಿದುಕೊಂಡು ಬಂದಿದ್ದರು. ಜೋಡಿ ಬಿಡಿಸಿದರೆ ಎತ್ತು ಮೇವು ಬಿಡುತ್ತದೆ ಎಂಬ ಅನುಭವವನ್ನು ಕಾರಿಗೂ ಅನ್ವಯಿಸಿದ್ದರೋ ಏನೋ. ಎರಡಕ್ಕೂ ಗೇರು ನೆಲದಲ್ಲಿಲ್ಲ, ಸ್ಟೇರಿಂಗಿನ ಕೆಳಗೆ ಕೈಗೇರು. ಒಂದು ನಮ್ಮ ಮನೆಯಲ್ಲಿ ಉಳಿಯಿತು. ಇನ್ನೊಂದು ಅಕ್ಕನ ಮದುವೆಯಲ್ಲಿ ಅವಳ ಹಿಂದೆ ಕುರುಗೋಡಿಗೆ ಹೋಯಿತು. ಅದನ್ನು ಎಲ್ಲರೂ ಉಡುಗೊರೆ ಎಂದು ಕರೆದರು. ಬೇರೆ ಹೆಸರಿನಿಂದ ಕರೆದ ನೆಂಟರೊಬ್ಬರಿಗೆ ಅಪ್ಪ ಊಟದ ಪಂಕ್ತಿಯಲ್ಲಿ ಎರಡನೆಯ ಸಲ ಹೋಳಿಗೆ ಹಾಕಿಸಲಿಲ್ಲ.

ಮದುವೆಗೆ ಮುಂಚೆ ಅಪ್ಪ ನಮ್ಮಿಬ್ಬರಿಗೂ, ಮುಂದೆ ನಮ್ಮ ಮನೆಯಲ್ಲಿ ಉಳಿದ ಆ ಕಾರಿನಲ್ಲೇ, ಹೊಳೆ ಕಡೆಯ ಬಯಲಿನಲ್ಲಿ ಡ್ರೈವಿಂಗ್ ಕಲಿಸಿದರು. ಅಕ್ಕ ಒಂದೇ ವಾರದಲ್ಲಿ ಕಲಿತಳು. ನಾನು ಎದುರಿಗೆ ಎಮ್ಮೆ ಬಂದರೆ ಕಣ್ಣು ಮುಚ್ಚುತ್ತಿದ್ದೆ. ಭಾವ ತೀರಿಕೊಂಡ ಮೇಲೆ ಆ ಕಲಿಕೆ ಅಕ್ಕನ ಕೈ ಹಿಡಿಯಿತು. ಅವಳು ಜೋಳದ ರೊಟ್ಟಿ ಬಡಿದು, ಒಣಗಿಸಿ, ಬುಟ್ಟಿಗಳಲ್ಲಿ ಜೋಡಿಸಿ, ತನ್ನ ಕಾರಿನಲ್ಲಿಟ್ಟುಕೊಂಡು ಬಳ್ಳಾರಿಯ ಮತ್ತು ದಾರಿಯ ಖಾನಾವಳಿಗಳಿಗೆ ತಾನೇ ಒಯ್ದು ಕೊಡತೊಡಗಿದಳು. ಬುಟ್ಟಿಯ ತಳಕ್ಕೆ ಹಾಸಲು ಜೀನ್ಸ್ ಬಟ್ಟೆಯ ಚಿಂದಿ ನನ್ನ ಸರಬರಾಜು. ಬಳ್ಳಾರಿಯ ನನ್ನ ಗಿರಾಕಿಗಳಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವವರಿಗೇನು ಕಡಿಮೆ. ಕಡಕ್ ರೊಟ್ಟಿ ಆಟೋದಲ್ಲಿ ಹೋದರೆ ಊರು ಮುಟ್ಟುವುದರೊಳಗೆ ಪುಡಿ. ಈ ಕಾರಿನಲ್ಲಿ ಹೋದರೆ ತೊಟ್ಟಿಲಲ್ಲಿ ಹೋದ ಹಾಗೆ, ಒಂದರ ಅಂಚೂ ಮುಕ್ಕಾಗುವುದಿಲ್ಲ. ಖಾನಾವಳಿಯವರು ಅವಳಿಗಾಗಿ ಕಾಯುತ್ತಿದ್ದುದು ಅದಕ್ಕೇ.

ಈ ವರ್ಷ ಬೇಸಿಗೆಯಲ್ಲಿ ಆ ಕಾರಿನ ಗೇರ್‌ಬಾಕ್ಸು ಒಳಗೊಳಗೇ ಹಲ್ಲು ಉದುರಿಸಿಕೊಂಡು ಕುಳಿತುಬಿಟ್ಟಿತು.

ಸಾಮಾನು ಸಾಗಿಸುವ ಸಣ್ಣ ಆಟೋ ತೆಗೆದುಕೊ ಎಂದು ಓಣಿಯವರೆಲ್ಲ ಹೇಳಿದರು. "ಆ ಗಾಡಿ ಕುಂತವರ ಹಲ್ಲೇ ಕಟಕಟ ಅನಸತಾವ, ನನ್ನ ರೊಟ್ಟಿ ಬಿಡ್ತಾವೇನು?" ಎಂದಳು ಅಕ್ಕ. ಬೇರೆಯವರ ಕಾರಿನಲ್ಲಿ ಒಮ್ಮೆ ನೆಲದ ಗೇರು ಹಾಕಿ ನೋಡಿದಳಂತೆ. ಎಡಗೈ ಅಭ್ಯಾಸಕ್ಕೆ ಮೇಲೆ ಹುಡುಕಿತು, ಗೇರು ಕೆಳಗಿತ್ತು, ಕಾರು ಗಟಾರದಲ್ಲಿತ್ತು. ಬಳ್ಳಾರಿಯ ಗುಜರಿ ಅಂಗಡಿಗಳನ್ನು ನಾನೇ ಸುತ್ತಿದೆ. ಅಂಬಾಸಿಡರ್ ಕೈಗೇರಿನ ಬಾಕ್ಸು ಎಂದ ಕೂಡಲೇ ಅವರು ನನ್ನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. "ಸಾರ್, ಅದು ಬೇಕಂದ್ರ ನೀವು ಅರ್ಧ ಜಮಾನಾ ಹಿಂದ ಬರಬೇಕಿತ್ತು," ಎಂದನೊಬ್ಬ.

ನಮಗೆ ತಿಳಿದ ಮಟ್ಟಿಗೆ ಅಂಥದ್ದು ಇನ್ನೊಂದೇ ಒಂದು ಉಳಿದಿತ್ತು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಹಳೆ ಗೋದಾಮಿನಲ್ಲಿ, ತೌಡಿನ ಧೂಳು ಹೊದ್ದು ನಿಂತಿದ್ದ ಅಪ್ಪನ ಕಾರಿನ ಹೊಟ್ಟೆಯಲ್ಲಿ.

ಆ ಕಾರನ್ನು ರಿಪೇರಿ ಮಾಡಿಸಿ ಮೊದಲಿನ ಹಾಗೆ ಮಾಡುತ್ತೇನೆ ಎಂದು ನಾನು ಹೇಳಿಕೊಂಡು ಬಂದದ್ದು ಅಪ್ಪ ಹೋದಾಗಿನಿಂದ. ಮದುವೆ ಮನೆಗಳಲ್ಲಿ ಹೇಳಿದ್ದೇನೆ, ಗಿರಾಕಿಗಳಿಗೆ ಹೇಳಿದ್ದೇನೆ, ಕೇಳದವರಿಗೂ ಹೇಳಿದ್ದೇನೆ. ಬೆಳ್ಳಗೆ ಬಣ್ಣ ಹೊಡೆಸಿ, ಭಾನುವಾರ ಕೋಟೆಗುಡ್ಡದ ಕೆಳಗೆ ನಿಲ್ಲಿಸಿ, ಬಾನೆಟ್ ಮೇಲೆ ಕೈಯಿಟ್ಟು ಫೋಟೋ ತೆಗೆಸಿಕೊಳ್ಳುವುದು. ಫೋಟೋದ ಆಚೆಗೆ ಆ ಕಾರಿನಲ್ಲಿ ಎಲ್ಲಿಗೆ ಹೋಗುತ್ತೇನೆಂದು ಯೋಚಿಸಿರಲಿಲ್ಲ. ಬಳ್ಳಾರಿಯ ಮೆಕ್ಯಾನಿಕ್ ಒಬ್ಬನನ್ನು ಕರೆದೊಯ್ದು ತೋರಿಸಿದೆ. ಅವನು ಕೆಳಗೆ ನುಸುಳಿ ಹೊರಗೆ ಬಂದು, ಮೈಮೇಲಿನ ಹೊಟ್ಟು ಕೊಡವಿಕೊಂಡು ಹೇಳಿದ: "ಬಾಡಿ ಪೂರ್ತಾ ಹೋಗೇತ್ರಿ, ಅದು ನನಗ ಬಿಡ್ರಿ, ಹೊಸಾ ತಗಡು ಬೆಸೀತೀನಿ. ಇಂಜಿನ್ನು, ಗೇರ್‌ಬಾಕ್ಸು ಕಲ್ಲಿನಂಗ ಅದಾವ. ಆದ್ರ ಒಂದು ಮಾತು. ಅವೆರಡರಾಗ ಒಂದು ಬಿಚ್ಚಿ ಬ್ಯಾರೇದವರಿಗೆ ಕೊಟ್ರಿ ಅಂದ್ರ ಆಮ್ಯಾಲೆ ನನ್ನ ಕರೀಬ್ಯಾಡ್ರಿ. ತಗಡು ಬಡದು ಗೇರು ಮಾಡಾಕ ಬರಂಗಿಲ್ಲ."

ಹೀಗಾಗಿ ಎರಡು ಕಾರು, ಒಂದು ಗೇರ್‌ಬಾಕ್ಸು. ಅಪ್ಪನ ಕಾರು ಬದುಕಿದರೆ ಅಕ್ಕನ ಕಾರು, ಅದರ ಜೊತೆಗೆ ಅವಳ ರೊಟ್ಟಿ, ಎರಡೂ ನಿಲ್ಲುತ್ತವೆ. ಅಕ್ಕನ ಕಾರು ಓಡಿದರೆ ಅಪ್ಪನ ಕಾರು ಬಾಗಿಲು, ಗಾಜು, ಇಂಜಿನ್ನು ಎಂದು ಬಿಡಿಬಿಡಿಯಾಗಿ ಹೋಗುತ್ತದೆ.

ಅಕ್ಕ ಬೇಕು ಎಂದು ಕೇಳಿದ್ದರೆ ಸುಲಭವಾಗಿತ್ತು. ಇಲ್ಲ ಎನ್ನಲು ನನಗೆ ಧೈರ್ಯ ಇರುತ್ತಿರಲಿಲ್ಲ. ಅವಳು ಕೇಳಲಿಲ್ಲ. ಫೋನ್ ಮಾಡಿ ಬೇರೇನೋ ಮಾತಾಡಿ, ಇಡುವ ಮುಂಚೆ, "ತಮ್ಮಾ, ಬೇವಿನ ಗಿಡದ ಕೆಳಗ ಜಾಗಾ ಹಸನ ಮಾಡೀನಿ," ಎಂದಳು.

"ಯಾತಕ್ಕಕ್ಕ?"

"ಸುಮ್ನ. ನೆಳ್ಳು ಇದ್ರ ಯಾರಾರ ಬಂದು ನಿಲ್ತಾರ."

ಇದರ ನಡುವೆ ಗಿರಣಿ ಮಾಲೀಕನ ಫೋನು. ಅವನು ಅಪ್ಪನ ಗೆಳೆಯರ ಮಗ. "ಅಣ್ಣಾ, ಹಳೇ ಗೋದಾಮು ಕೆಡವಾಕತ್ತೀವಿ. ಅಮಾಸಿ ಒಳಗ ಗಾಡಿ ಎತ್ತಿಬಿಡು. ಇಲ್ಲಾಂದ್ರ ಗ್ವಾಡಿ ಜೋಡಿ ಅದೂ ಬೀಳತೈತಿ, ನನ್ನ ಬೈಬ್ಯಾಡ."

ನಾನು ಮೆಕ್ಯಾನಿಕ್‌ಗೆ ಗಾಡಿ ತರುತ್ತೇನೆ ಎಂದೆ. ಅವನು ಗ್ಯಾರೇಜಿನಲ್ಲಿ ಜಾಗ ಖಾಲಿ ಮಾಡಿದ. ಅಕ್ಕನಿಗೆ ಗೋದಾಮಿನಿಂದ ಗಾಡಿ ಎತ್ತಿದ ದಿನವೇ ಬರುತ್ತೇನೆ ಎಂದೆ. ಅವಳು ಇನ್ನೊಮ್ಮೆ ಕಸ ಗುಡಿಸಿದಳು. ಎರಡನ್ನೂ ಹೇಳುವಾಗ ಎರಡೂ ನಿಜವೇ ಅನ್ನಿಸಿತ್ತು.

ಎತ್ತಿ ಸಾಗಿಸುವ ಗಾಡಿಯವನು ಬಂದು ನೋಡಿ, ಇದನ್ನು ಕೊಕ್ಕೆ ಹಾಕಿ ಎತ್ತಿದರೆ ಮೂತಿ ಬಳ್ಳಾರಿಗೆ ಬರುತ್ತದೆ, ಉಳಿದದ್ದು ಇಲ್ಲೇ ಇರುತ್ತದೆ ಎಂದು ಹೊರಟುಹೋಗಿದ್ದ. ಉಳಿದ ದಾರಿ ಟ್ರ್ಯಾಕ್ಟರು. ಗಿರಣಿಗೆ ಭತ್ತ ತಂದಿದ್ದ ಹಚ್ಚೊಳ್ಳಿಯ ಯಜಮಾನರೊಬ್ಬರು ಟ್ರೇಲರು ಅಲ್ಲೇ ಬಿಟ್ಟು ನಮ್ಮನ್ನು ಎಳೆಯಲು ಒಪ್ಪಿದರು. ಮೆಕ್ಯಾನಿಕ್ ಹಿಂದಿನ ವಾರವೇ ಓಡುವ ಗಾಲಿಗಳನ್ನು ಹಾಕಿ, ಬ್ರೇಕಿಗೆ ಎಣ್ಣೆ ತುಂಬಿಸಿ, "ಮೂರು ಸಲ ಒತ್ರಿ, ಹಿಡೀಬೌದು," ಎಂದಿದ್ದ. ಆ "ಬೌದು" ನನ್ನ ನಿದ್ದೆ ತಿಂದಿತ್ತು.

ಯಜಮಾನರು ಹಗ್ಗ ಕಟ್ಟಿ, ಒಮ್ಮೆ ಜಗ್ಗಿ ನೋಡಿ, ತಮ್ಮ ಹೆಗಲಿನ ಕೆಂಪು ಟವೆಲ್ ನನ್ನ ಕೈಗೆ ಕೊಟ್ಟರು. "ನಮ್ಮ ಟ್ರ್ಯಾಕ್ಟ್ರ ಸಪ್ಪಳದಾಗ ನೀವು ಬಾಯಿ ಬಡಕೊಂಡ್ರೂ ಕೇಳಂಗಿಲ್ರಿ. ನಿಲ್ಲಬೇಕಂದ್ರ ಟವೆಲ್ ಬೀಸ್ರಿ. ಹೊಳ್ಳಬೇಕಂದ್ರ ಕಿಡಕ್ಯಾಗಿಂದ ಹೊರಗ ಹಿಡೀರಿ, ನಾ ಕನ್ನಡ್ಯಾಗ ನೋಡ್ತೀನಿ. ಏನೂ ಮಾಡ್ಲಿಲ್ಲಂದ್ರ ನಾ ಸೀದಾ."

ಸೀದಾ ಎಂದರೆ ಬಳ್ಳಾರಿ. ಕುರುಗೋಡಿಗೆ ಹೋಗಬೇಕಾದರೆ ಕ್ರಾಸಿನಲ್ಲಿ ಬಲಕ್ಕೆ ಹೊರಳಬೇಕು.

ಆಮೇಲೆ ಟ್ರ್ಯಾಕ್ಟರು ಹತ್ತಿ, ಹಿಂದೆ ತಿರುಗಿ, "ದೂರ ಹೊಂಟೀರೇನ್ರೀ?" ಎಂದರು.

"ಹ್ಞೂಂ, ದೂರ," ಎಂದೆ.

ಇಬ್ಬರಿಗೂ ಸಮಾಧಾನವಾಯಿತು. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂಬ ಪದ್ಧತಿಯನ್ನು ಯಾವ ಹಿರಿಯರು ಮಾಡಿದರೋ, ನನ್ನಂಥವರನ್ನು ಕಣ್ಣ ಮುಂದೆ ಇಟ್ಟುಕೊಂಡೇ ಮಾಡಿರಬೇಕು. ಎಲ್ಲಿಗೆ ಎಂದು ಅವರು ಕೇಳುವ ಹಾಗಿಲ್ಲ. ಎಲ್ಲಿಗೆಂದು ತಿಳಿಯದ ನಾನು ಹೇಳಬೇಕಾಗಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನು ಬಂತು. ಅವಳಿಗೆ ಪದ್ಧತಿಗಿಂತ ನನ್ನ ಪರಿಚಯ ಜಾಸ್ತಿ.

"ಎಲ್ಲಿಗೆ ಒಯ್ಯಾಕತ್ತೀರಿ?"

"ಹೊಂಟಾಗ ಹಂಗ ಕೇಳಬಾರದು."

"ನೀವೆಲ್ಲಿ ಹೊಂಟೀರಿ? ನಿಂತೀರಿ. ನಿಂತವರನ್ನ ಕೇಳಬೌದು."

ಹಗ್ಗ ಬಿಗಿಯಿತು. ನಾನು ಫೋನ್ ಇಟ್ಟೆ. ಅಪ್ಪನ ಕಾರು ಎಷ್ಟೋ ವರ್ಷಗಳ ಮೇಲೆ ಗೋದಾಮಿನ ಬಾಗಿಲು ದಾಟಿ ಬಿಸಿಲಿಗೆ ಬಂತು. ಎಲ್ಲ ಸಂದುಗಳಿಂದ ಹೊಟ್ಟು ಉದುರಿ, ಹಿಂದೆ ಹಳದಿ ಹೊಗೆಯ ಹಾಗೆ ಎದ್ದಿತು. ನನ್ನ ಬಲಗಡೆಯ ಕಿಟಕಿಯ ಗಾಜು ಅರ್ಧಕ್ಕೇ ಸಿಕ್ಕಿಹಾಕಿಕೊಂಡಿತ್ತು. ಕಾಲ ಬಳಿ ಅಂಗೈಯಗಲದ ತೂತು. ಅದರೊಳಗಿಂದ ರಸ್ತೆ ಹರಿಯುವುದು ಕಾಣುತ್ತಿತ್ತು. ನಾನು ಎರಡೂ ಕಾಲುಗಳನ್ನು ಬ್ರೇಕಿನ ಮೇಲೆ ಎತ್ತಿಟ್ಟುಕೊಂಡೆ.

ಹಗ್ಗದಲ್ಲಿ ಎಳೆಸಿಕೊಂಡು ಹೋಗುವವನ ಕಷ್ಟ ಅನುಭವಿಸಿದವರಿಗೇ ಗೊತ್ತು. ಮುಂದಿನವನು ನಿಧಾನ ಮಾಡಿದ್ದು ನಮಗೆ ತಿಳಿಯುವುದು ಹಗ್ಗ ಜೋತುಬಿದ್ದಾಗ. ಆಗ ನಮ್ಮ ಗಾಡಿ ತನ್ನಷ್ಟಕ್ಕೆ ತಾನೇ ಅವನ ಕಡೆ ಹೊರಟಿರುತ್ತದೆ. ತೆಕ್ಕಲಕೋಟೆ ದಾಟುವವರೆಗೆ ನಾನು ರಸ್ತೆ ನೋಡಲಿಲ್ಲ, ಹಗ್ಗ ನೋಡಿದೆ. ಕಾಲುವೆಯ ಸೇತುವೆಗಳು ಬಂದಾಗ ಏರಿನಲ್ಲಿ ಹಗ್ಗ ಕಿರಗುಟ್ಟುವುದು, ಇಳಿಜಾರಿನಲ್ಲಿ ಜೋತುಬೀಳುವುದು. ಅದು ಜೋತಾಗಲೆಲ್ಲ ನಾನು ಪೆಡಲ್ ತುಳಿಯುವುದು, ಮೊದಲ ಸಲ ಗಾಳಿ ತುಳಿದ ಹಾಗೆ, ಎರಡನೆಯ ಸಲ ಕೆಸರು ತುಳಿದ ಹಾಗೆ. ಮೂರನೆಯದಕ್ಕೆ ಏನೋ ಹಿಡಿಯುತ್ತಿತ್ತು. ಬೆನ್ನಿನ ಬೆವರು ಸೀಟಿನ ತೌಡಿಗೆ ಬೆರೆತು ಅಂಗಿ ಅಂಟಿಕೊಂಡಿತು.

ಸುಗ್ಗಿಯ ಕಾಲ. ಒಂದು ಕಡೆ ರಸ್ತೆಯ ಎಡಬದಿಗೆ ಭತ್ತ ಹರವಿ, ಗಾಡಿಗಳು ಹತ್ತದಿರಲೆಂದು ಅಂಚಿಗೆ ಕಲ್ಲಿಟ್ಟಿದ್ದರು. ಭತ್ತದ ನಡುವೆ ಒಬ್ಬ ಹೆಂಗಸು ಕಾಲಿನಿಂದ ಸಾಲು ಎಳೆಯುತ್ತಾ, ನಮ್ಮ ಕಡೆ ಬೆನ್ನು ಹಾಕಿ ನಡೆಯುತ್ತಿದ್ದಳು. ಎದುರಿನಿಂದ ಬಸ್ಸು ಬಂತು. ಯಜಮಾನರು ಟ್ರ್ಯಾಕ್ಟರನ್ನು ಒಮ್ಮೆಲೇ ನಿಲ್ಲಿಸಿದರು. ಹಗ್ಗ ನೆಲಕ್ಕೆ ಬಿತ್ತು.

ನನ್ನ ಮುಂದೆ ಮೂರು ದಾರಿ ಇದ್ದವು: ಬಸ್ಸು, ಟ್ರ್ಯಾಕ್ಟರಿನ ಗಾಲಿ, ಆ ಹೆಂಗಸು ಇರುವ ಭತ್ತ. ಕೂಗಿದೆ, ಹಾರ್ನಿನ ಗುಂಡಿ ಒತ್ತಿದೆ, ಅದು ಕಿತ್ತು ತೊಡೆಯ ಮೇಲೆ ಬಿತ್ತು. ಸ್ಟೇರಿಂಗನ್ನು ಭತ್ತದ ಕಡೆ ತಿರುಗಿಸಿ ಪೆಡಲ್ ತುಳಿದೆ. ಗಾಳಿ. ತುಳಿದೆ. ಕೆಸರು. ಬಸ್ಸು ಪಕ್ಕದಲ್ಲಿ ಹಾದುಹೋಗುವ ಬಿಸಿಗಾಳಿ ಕಿವಿಗೆ ಬಡಿಯಿತು. ಹುಡುಗನಾಗಿದ್ದಾಗ ಎಮ್ಮೆ ಕಂಡರೆ ಮುಚ್ಚುತ್ತಿದ್ದ ಕಣ್ಣು, ಈಗ ಮುಚ್ಚು ಎಂದರೂ ಮುಚ್ಚಲಿಲ್ಲ. ಮೂರನೆಯ ಸಲ ಪೆಡಲಿನ ಮೇಲೆ ನಾನು ಎದ್ದು ನಿಂತೇಬಿಟ್ಟೆ.

ಕಾರು ನಿಂತಿತು. ಮುಂದಿನ ಗಾಲಿ ಅಂಚಿನ ಕಲ್ಲಿಗೆ ತಾಗಿಯೂ ತಾಗದ ಹಾಗೆ. ಆ ಹೆಂಗಸು ಹಿಂತಿರುಗಿ ನೋಡಿದಳು. ಮೊದಲು ಟ್ರ್ಯಾಕ್ಟರಿನವರನ್ನು ಬೈದಳು: "ಏನಪಾ ಯಜಮಾನಾ, ಗುಜರಿ ಎಳಕೊಂಡು ಹೊಂಟಾವ ಹಿಂದಮುಂದ ನೋಡಬೇಕಿಲ್ಲೇನು?" ಆಮೇಲೆ ಬಗ್ಗಿ ಕಾರಿನೊಳಗೆ ಇಣುಕಿದಳು. "ಅಯ್ಯ ಶಿವನ! ಇದರಾಗ ಮನಷ್ಯಾ ಅದಾನಲ್ಲ!"

ಯಜಮಾನರು ಇಳಿದು ಬಂದರು. ಕಲ್ಲಿನ ಹತ್ತಿರ ಕುಳಿತು ಗಾಲಿ ನೋಡಿ, "ಬ್ರೇಕ್ ಹಿಡೀತಲ್ರೀ!" ಎಂದರು. "ಮುದುಕನ ಮೈಯಾಗ ಇನ್ನಾ ಕಸುವೈತಿ."

ಆ ಮಾತೇ ನನ್ನನ್ನು ಕೆಡಿಸಿತು. ಅಲ್ಲಿಯವರೆಗೆ ನಾನು ಒಂದು ತುಕ್ಕಿನ ಡಬ್ಬಿಯಲ್ಲಿ ಕುಳಿತಿದ್ದೆ. ಅಲ್ಲಿಂದ ಮುಂದೆ ಅಪ್ಪನ ಕಾರಿನಲ್ಲಿ ಕುಳಿತೆ. ನಿಂತಿತಲ್ಲ. ನನ್ನನ್ನು, ಆ ಹೆಂಗಸನ್ನು, ಇಬ್ಬರನ್ನೂ ಉಳಿಸಿತಲ್ಲ. ಇದನ್ನು ಬಿಚ್ಚುವುದೇ? ಸೀದಾ ಗ್ಯಾರೇಜಿಗೆ ಹೋಗಿ ಹೊಸ ತಗಡು ಬೆಸೆಸಬೇಕು. ಅಕ್ಕನಿಗೆ ಹೇಗಾದರೂ ಮಾಡಿ ಬೇರೆ ಏನಾದರೂ. ಆ "ಏನಾದರೂ" ಏನೆಂದು ಯೋಚಿಸದೆ ಮುಂದಿನ ಹಾದಿ ಸಾಗಿತು. ಟವೆಲ್ಲನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೆ. ಬೇಕಾದದ್ದು ಅಷ್ಟೇ, ಏನೂ ಮಾಡದಿರುವುದು. ಅದರಲ್ಲಿ ನನ್ನನ್ನು ಮೀರಿಸುವವರಿಲ್ಲ.

ಕುರುಗೋಡು ಕ್ರಾಸ್ ಇನ್ನೂ ಸ್ವಲ್ಪ ಇರುವಾಗ ಯಜಮಾನರು ಒಂದು ಖಾನಾವಳಿಯ ಮುಂದೆ ತಾವೇ ನಿಲ್ಲಿಸಿದರು. ಚಹಾ ಬಂತು. ಅವರು ಬಸಿಯಲ್ಲಿ ಸುರಿದು ಊದುತ್ತಾ ನನ್ನನ್ನು ನೋಡಿದರು.

"ನಾ ನಿಮ್ಮನ್ನ ಎಲ್ಲಿಗೆ ಅಂತ ಕೇಳಂಗಿಲ್ರಿ. ಕೇಳಬಾರದು."

"ಹೌದ್ರೀ."

"ಆದ್ರ ನಮ್ಮ ಟ್ರ್ಯಾಕ್ಟ್ರು ಕೇಳಾಕತ್ತೈತಿ. ಅದಕ್ಕ ಶಾಸ್ತ್ರ ಗೊತ್ತಿಲ್ಲ."

ನಾನು ನಗಲು ಹೋದೆ. ಆಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿದ್ದ ಬುಟ್ಟಿ ಕಣ್ಣಿಗೆ ಬಿತ್ತು. ತಳದಲ್ಲಿ ನೀಲಿ ಜೀನ್ಸ್ ಚಿಂದಿ, ಅಂಚು ಮಡಚಿ ಬುಟ್ಟಿಗೇ ಹೊಲಿದದ್ದು. ಅಂಥ ಹೊಲಿಗೆ ಅಕ್ಕನದೇ. ಬುಟ್ಟಿಯ ತುಂಬ ಉಳ್ಳಾಗಡ್ಡಿ.

ನಾನು ನೋಡುವುದನ್ನು ಕಂಡು ಖಾನಾವಳಿಯವರೇ ಹೇಳಿದರು: "ಅದು ಕುರುಗೋಡು ಅಕ್ಕಾರ ಬುಟ್ಟಿರಿ. ರೊಟ್ಟಿ ತಂದಾಗ ಖಾಲಿ ಬುಟ್ಟಿ ಒಯ್ತಿದ್ರು. ಗಾಡಿ ಕೆಟ್ಟ ಮ್ಯಾಲೆ ಬರಲಿಲ್ಲ. ಸುಮ್ನ ಯಾಕ ಇರಬೇಕಂತ ಉಳ್ಳಾಗಡ್ಡಿ ಹಾಕೀವಿ. ಬಂದ ದಿನ ತೆಗದು, ಝಾಡಿಸಿ ಕೊಡ್ತೀವಿ."

"ಈಗ ರೊಟ್ಟಿ ಎಲ್ಲಿಂದ ತರಸ್ತೀರಿ?"

"ಒಬ್ಬಾಕಿ ಆಟೋದಾಗ ಕಳಸ್ತಾಳ. ಬರೂದ್ರಾಗ ನುಚ್ಚಾಗಿರ್ತಾವ. ಗಿರಾಕಿ ಬೈತಾರ, ನಾವು ಅನಸ್ಕೊಂತೀವಿ."

ಈ ಜಾಗದಲ್ಲಿ ನನ್ನ ಮನಸ್ಸು ಕರಗಿ, ತ್ಯಾಗದ ಬುದ್ಧಿ ಬಂತೆಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಹಾಗೇನೂ ಆಗಲಿಲ್ಲ. ನನಗೆ ಬಂದದ್ದು ಭಯ. ಕೋಟೆಗುಡ್ಡದ ಕೆಳಗೆ ಬೆಳ್ಳಗೆ ಹೊಳೆಯುವ ಕಾರು, ಬಾನೆಟ್ ಮೇಲೆ ನನ್ನ ಕೈ. ಆ ಫೋಟೋದ ಮೂಲೆಯಲ್ಲಿ ಇನ್ನು ಮುಂದೆ ಯಾವತ್ತೂ ಈ ಉಳ್ಳಾಗಡ್ಡಿ ಬುಟ್ಟಿ ಇರುತ್ತದೆ ಅನ್ನಿಸಿತು. ಅಕ್ಕ ಒಂದು ಮಾತೂ ಅನ್ನುವುದಿಲ್ಲ. ಬಂದು ಕಾರು ನೋಡಿ, ಚಂದ ಆಗೇತಿ ಎನ್ನುತ್ತಾಳೆ. ಅದನ್ನು ಕೇಳಿಸಿಕೊಂಡು ನಿಲ್ಲುವುದು ನನ್ನಿಂದಾಗದು. ಆದರೆ ಕಾರನ್ನು ಬಿಚ್ಚುವುದನ್ನು ನೋಡುವುದೂ ಆಗದು. ಚಹಾ ಮುಗಿಯಿತು. ನಾನು ಏನೂ ಹೇಳದೆ ಹೋಗಿ ಸ್ಟೇರಿಂಗ್ ಹಿಡಿದೆ. ಯಜಮಾನರು ತಲೆ ಅಲ್ಲಾಡಿಸುತ್ತಾ ಟ್ರ್ಯಾಕ್ಟರು ಹತ್ತಿದರು.

ಕ್ರಾಸು ಕಾಣಿಸಿತು. ಎಡಗಡೆ ಪಂಚರ್ ಅಂಗಡಿ, ಬಲಗಡೆ ಕುರುಗೋಡಿಗೆ ಹೊರಳುವ ದಾರಿ, ದೂರದಲ್ಲಿ ಕುರುಗೋಡಿನ ಬಂಡೆಗುಡ್ಡ. ಟ್ರ್ಯಾಕ್ಟರಿನ ಕನ್ನಡಿಯಲ್ಲಿ ಯಜಮಾನರ ಕಣ್ಣು ನನ್ನ ಕಿಟಕಿಯ ಮೇಲಿತ್ತು. ಅವರು ನಿಧಾನ ಮಾಡಿದರು, ಹಗ್ಗ ಜೋತಿತು, ಗಾಳಿ, ಕೆಸರು, ಹಿಡಿತ. ಟವೆಲ್ ಕೈಯಲ್ಲಿತ್ತು. ಕೈ ತೊಡೆಯ ಮೇಲಿತ್ತು. ಹಗ್ಗ ಮತ್ತೆ ಬಿಗಿಯಿತು. ಟ್ರ್ಯಾಕ್ಟರಿನ ಮುಂದಿನ ಗಾಲಿ ಕ್ರಾಸಿನ ಒಳಗೆ ಹೋಯಿತು, ಸೀದಾ. ಇನ್ನೊಂದು ಮಾರು ಹೋದರೆ ನಾನು ಏನನ್ನೂ ಆರಿಸಬೇಕಾಗಿರಲಿಲ್ಲ. ಎಲ್ಲ ತಾನಾಗಿಯೇ ಆಯಿತು ಎಂದು ಅಕ್ಕನಿಗೂ ನನಗೂ ಹೇಳಿಕೊಳ್ಳಬಹುದಿತ್ತು.

ಅರ್ಧಕ್ಕೆ ಸಿಕ್ಕಿದ್ದ ಗಾಜಿನ ಮೇಲಿಂದ ಕೈ ತೂರಿಸಿದೆ. ಮೊಣಕೈ ಸಿಕ್ಕಿಕೊಂಡಿತು, ಚರ್ಮ ಸುಲಿಯಿತು, ಟವೆಲ್ ಹೊರಗೆ ಬಂದು ಗಾಳಿಗೆ ಪಟಪಟ ಹೊಡೆಯಿತು.

ಟ್ರ್ಯಾಕ್ಟರು ಆ ಕೊನೆಯ ಗಳಿಗೆಯಲ್ಲೂ ಹೊರಳಿತು. ಹಿಂದೆ ಒಂದು ಲಾರಿ ಉದ್ದಕ್ಕೆ ಹಾರ್ನು ಹೊಡೆದು ಬೈದುಕೊಂಡು ಹೋಯಿತು. ನಾನು ಸ್ಟೇರಿಂಗನ್ನು ಎರಡೂ ಕೈಯಿಂದ ಬಲಕ್ಕೆ ಎಳೆದೆ. ಕುರುಗೋಡು ರಸ್ತೆಗೆ ಬಿದ್ದ ಮೇಲೆ ಯಜಮಾನರು ಹಿಂದೆ ತಿರುಗದೆಯೇ ಒಂದು ಕೈ ಮೇಲೆತ್ತಿ ತೋರಿಸಿದರು. ಅದು ಶಹಬ್ಬಾಸೋ ಬೈಗುಳವೋ ಇವತ್ತಿಗೂ ಗೊತ್ತಿಲ್ಲ.

ಅಕ್ಕ ಬಾಗಿಲಲ್ಲೇ ನಿಂತಿದ್ದಳು. ಬೇವಿನ ಗಿಡದ ಕೆಳಗೆ ನೀರು ಚಿಮುಕಿಸಿ ಗುಡಿಸಿದ ನೆಲ. ಪಕ್ಕದಲ್ಲಿ ಅವಳ ಕಾರು, ಬೇಸಿಗೆಯಿಂದ ಅಲುಗದೆ ನಿಂತದ್ದು. ಯಜಮಾನರಿಗೆ, "ಕೈಕಾಲು ತೊಳ್ಕೊಳ್ರಿ, ಉಂಡು ಹೋಗೂರಂತ," ಎಂದಳು. ಅಪ್ಪನ ಕಾರಿನ ಬಾಗಿಲು ತೆಗೆದು ಒಳಗೆ ಕುಳಿತಳು. ಸ್ಟೇರಿಂಗಿನ ಕೆಳಗಿನ ಗೇರಿನ ಕಡ್ಡಿ ಹಿಡಿದು, ಕ್ಲಚ್ ಒತ್ತಿ, ಒಮ್ಮೆ ಮೇಲೆ, ಒಮ್ಮೆ ಕೆಳಗೆ ಮಾಡಿ ನೋಡಿದಳು.

"ಬಿಚ್ಚಾಕ ನಿನಗ ಮನಸೈತೇನಲೇ?"

"ಇಲ್ಲ."

"ಮತ್ತ?"

"ಬಿಚ್ಚಸು."

ಅವಳು ಸೆರಗಿನಿಂದ ಡ್ಯಾಶ್‌ಬೋರ್ಡಿನ ತೌಡು ಒರೆಸಿದಳು. ಒರೆಸಿದಷ್ಟು ಜಾಗ ಹೊಳೆಯಿತು. "ಅಪ್ಪ ಇದ್ದಿದ್ರ ಇಬ್ಬರಿಗೂ ಬೈತಿದ್ದ," ಎಂದಳು. "ನಿನಗ ತಡಾ ಮಾಡಿದ್ದಕ್ಕ. ನನಗ ಬಾಯಿ ಬಿಟ್ಟು ಕೇಳದ್ದಕ್ಕ."

ಹೆಂಡತಿಗೆ ಫೋನ್ ಮಾಡಿ ಹೇಳಿದೆ. "ಪೀಡಾ ಹೋತು. ಅಕ್ಕಾರಿಗೆ ಹೇಳ್ರಿ, ನಮಗೂ ಎರಡು ಡಜನ್ ರೊಟ್ಟಿ ಇಡಾಕ," ಎಂದಳು. ಬಳ್ಳಾರಿಯ ಮೆಕ್ಯಾನಿಕ್ ಮಾತ್ರ ಸ್ವಲ್ಪ ಬೇಸರ ಮಾಡಿಕೊಂಡ.

ವಾರದ ಕೊನೆಗೆ ಮತ್ತೆ ಕುರುಗೋಡಿಗೆ ಹೋದೆ. ಕುರುಗೋಡಿನ ಮೆಕ್ಯಾನಿಕ್ ಬೇವಿನ ಕೊಂಬೆಗೆ ಚೈನು ಕಟ್ಟಿ ಗೇರ್‌ಬಾಕ್ಸು ಇಳಿಸಿ, ಅಕ್ಕನ ಕಾರಿಗೆ ಕೂಡಿಸಿದ್ದ. ಅಪ್ಪನ ಕಾರಿನ ಬಾಗಿಲುಗಳು ಗೋಡೆಗೆ ಒರಗಿದ್ದವು. ನಾಲ್ಕು ಗಾಲಿ, ಸೀಟು, ರೇಡಿಯೇಟರು ಎಲ್ಲ ಬೇರೆಬೇರೆ. "ನಿನಗೇನರ ಬೇಕಂದ್ರ ಇಟ್ಕೋ," ಎಂದಳು ಅಕ್ಕ. ನಾನು ಬಲಗಡೆಯ ಹೆಡ್‌ಲೈಟು ಬೇಡಿದೆ. ಇಡೀ ಕಾರಿನಲ್ಲಿ ತುಕ್ಕು ಮುಟ್ಟದೆ ಉಳಿದದ್ದು ಅದೊಂದೇ. ದುಂಡನೆಯ ಗಾಜು, ಸುತ್ತ ಹೊಳೆಯುವ ಬಳೆ. ಅದನ್ನು ಬಿಚ್ಚಿ ಕೈಗೆ ಕೊಟ್ಟಾಗ ಎಳೆಗೂಸು ಹಿಡಿದ ಹಾಗೆ ಹಿಡಿದೆ.

ಆಮೇಲೆ ಅದನ್ನು ಎಲ್ಲಿಡಬೇಕೆಂಬ ಚಿಂತೆ. ಕಟ್ಟೆಯ ಮೇಲೆ ಇಟ್ಟೆ. ಆಡು ಹತ್ತಿ ಬೀಳಿಸೀತು ಎಂದು ತೆಗೆದೆ. ಕಿಟಕಿಯಲ್ಲಿ ಇಟ್ಟೆ; ಬಾಗಿಲು ಗಾಳಿಗೆ ಬಡಿದೀತು. ಒಳಗೆ ರೊಟ್ಟಿ ಬಡಿಯುವ ಹೆಂಗಸರ ಓಡಾಟ. ಕೊನೆಗೆ ಯಾರೂ ಕಾಲಿಡದ, ನೆಳಲಿರುವ, ತಣ್ಣನೆಯ ಜಾಗವೊಂದನ್ನು ಹುಡುಕಿ, ಗೋಣಿಚೀಲ ಮಡಚಿ ಹಾಸಿ, ಅದರ ಮೇಲೆ ಮೆಲ್ಲಗೆ ಇಟ್ಟೆ. ಅಕ್ಕನ ಕಾರಿನ ಹಿಂದೆ. ಆ ಕಾರು ಹೋಗಬೇಕಾದದ್ದು ಮುಂದಕ್ಕೆ, ಗೇಟಿನ ಕಡೆ.

ಅಕ್ಕ ಕಾರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕೂ ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. ಬುಟ್ಟಿಗಳು ಡಿಕ್ಕಿ ಸೇರಿದವು. ಮೆಕ್ಯಾನಿಕ್ ಹತ್ತಿರ ಬಂದು, "ಅಕ್ಕಾರ, ಈ ಗೇರು ನಿಮ್ಮ ಹಳೇದರಂಗ ಅಲ್ರಿ, ಸ್ವಲ್ಪ ಬ್ಯಾರೆ ಬೀಳತೈತಿ," ಎಂದ.

"ನನಗ ಹೇಳ್ತೀಯೇನಪಾ? ನಾ ಗಾಡಿ ಕಲ್ತಿದ್ದ ಈ ಗೇರಿನ ಮ್ಯಾಲೆ."

ಇಂಜಿನ್ನು ಹತ್ತಿಕೊಂಡಿತು. ಅಕ್ಕ ಕ್ಲಚ್ ಒತ್ತಿ, ಕಡ್ಡಿ ಎಳೆದು, ಎದುರಿನ ಗೇಟನ್ನು ನೋಡುತ್ತಾ ಕಾಲು ಬಿಟ್ಟಳು. ಕಾರು ಹಿಂದಕ್ಕೆ ಹೋಯಿತು. ಲಿಂಬೆಹಣ್ಣುಗಳು ಪಚಕ್ ಎಂದವು. ಅದರ ಹಿಂದೆಯೇ ಇನ್ನೊಂದು ಸದ್ದು.

ಅಕ್ಕ ಗಕ್ಕನೆ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಏನಲೇ ಅದು ಸಪ್ಪಳ?"

"ಲಿಂಬಿಹಣ್ಣಕ್ಕ."

"ಲಿಂಬಿಹಣ್ಣು ಹಂಗ ಒಡೀತಾವೇನು?"

"ನಿನ್ನ ಹಿತ್ತಲದಾವು, ಗಟ್ಟಿ ಇರ್ತಾವ. ನೀ ಹೊಂಡು, ಖಾನಾವಳ್ಯಾಗ ಕಾಯಾಕತ್ತಾರ."

ಅವಳು ನನ್ನನ್ನೊಮ್ಮೆ ನೋಡಿ, ಈ ಸಲ ಕಡ್ಡಿಯನ್ನು ಸರಿಯಾದ ಕಡೆ ಎಳೆದಳು. ಕಾರು ಮುಂದೆ ಹೊರಟಿತು. ಗೇಟಿನ ಹತ್ತಿರ ನಾನು ಕೂಗಿದೆ:

"ದೂರ ಹೊಂಟೀಯೇನಕ್ಕಾ?"

"ಹ್ಞೂಂ ತಮ್ಮಾ, ದೂರ!"

ಧೂಳು ಇಳಿದ ಮೇಲೆ ಹೋಗಿ ಗೋಣಿಚೀಲದ ಮುಂದೆ ಕುಳಿತೆ. ಬಳೆ ಸ್ವಲ್ಪ ಚಪ್ಪಟೆಯಾಗಿತ್ತು, ಅಷ್ಟೇ. ಸಿರುಗುಪ್ಪದಿಂದ ಹಗ್ಗದ ಹಿಂದೆ ಒಂದು ಗೀರೂ ಇಲ್ಲದೆ ಬಂದಿದ್ದ ಗಾಜು, ನಾನು ಅಷ್ಟು ಯೋಚಿಸಿ ಇಟ್ಟ ಜಾಗದಲ್ಲೇ, ಲಿಂಬೆರಸದಲ್ಲಿ ನೆನೆದು ಪುಡಿಯಾಗಿ ಬಿದ್ದಿತ್ತು.